ರಾಣಿಪೇಟೆಯ ಹಳದಿ ನೀರು: ಅಂತರ್ಜಲ ಮಾಲಿನ್ಯದ ಮೂಲಶೋಧ ಮತ್ತು ಶುದ್ಧೀಕರಣದ ಕ್ರಮ

ಸಾರಾಂಶ: ಪಾಲಾರ್ ಕಣಿವೆಯ ರಾಣಿಪೇಟೆಯಲ್ಲಿ ಕ್ರೋಮಿಯಂ ತ್ಯಾಜ್ಯದ ರಾಶಿಯಿಂದ ಅಂತರ್ಜಲ ಕೆಟ್ಟ ಪ್ರಕರಣವನ್ನು ಆಧರಿಸಿ ಈ ಲೇಖನ ಎರಡು ವಾದಗಳನ್ನು ಮುಂದಿಡುತ್ತದೆ. ಲೋಹದ ರಾಸಾಯನಿಕ ರೂಪ, ನೀರಿನ ಹರಿವು, ನೆಲದ ಸಹಜ ಮಟ್ಟ ಈ ಮೂರನ್ನೂ ಕೂಡಿಸಿ ನೋಡದೆ ಮೂಲವನ್ನು ನಿರ್ಣಯಿಸಲಾಗದು. ಮೂಲವನ್ನು ತಡೆಯದೆ ನೀರನ್ನು ಶುದ್ಧೀಕರಿಸಲು ಹೊರಟರೆ ಆ ಕೆಲಸ ಮುಗಿಯದು.

1. ಪೀಠಿಕೆ

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಕೋಲಾರ ಜಿಲ್ಲೆಯನ್ನು ದಾಟಿ, ಆಂಧ್ರವನ್ನು ಹಾದು ತಮಿಳುನಾಡಿಗೆ ಇಳಿಯುತ್ತದೆ. ವರ್ಷದ ಬಹುಪಾಲು ಮರಳೇ ಕಾಣುವ ಈ ನದಿಯ ದಡದ ಊರುಗಳಿಗೆ ಬಾವಿ, ಕೊಳವೆಬಾವಿಗಳೇ ಆಸರೆ. ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳು ಚರ್ಮ ಹದಮಾಡುವ ಉದ್ಯಮಕ್ಕೆ ಹೆಸರಾದವು. ಅದಕ್ಕೆ ಬೇಕಾದ ಕ್ರೋಮಿಯಂ ಲವಣಗಳನ್ನು ತಯಾರಿಸುತ್ತಿದ್ದ ತಮಿಳುನಾಡು ಕ್ರೋಮೇಟ್ಸ್ ಅಂಡ್ ಕೆಮಿಕಲ್ಸ್ ಕಾರ್ಖಾನೆ 1990ರ ದಶಕದಲ್ಲಿ ಮುಚ್ಚಿತು. ಅದರ ಆವರಣದಲ್ಲಿ ಸುರಿದಿದ್ದ ಲಕ್ಷ ಟನ್ನಿಗೂ ಮೀರಿದ ತ್ಯಾಜ್ಯ ಮಾತ್ರ ದಶಕಗಳ ಕಾಲ ಬಯಲಲ್ಲೇ ಉಳಿಯಿತು. ಪ್ರತಿ ಮಳೆಗೂ ಅದರಿಂದ ಬಸಿಯುವ ನೀರು ಹಳದಿ.

2. ರಾಸಾಯನಿಕ ರೂಪದ ಸಾಕ್ಷ್ಯ

ಟ್ಯಾನರಿಗಳಿರುವ ಊರಿನಲ್ಲಿ ಬಾವಿನೀರಲ್ಲಿ ಕ್ರೋಮಿಯಂ ಕಂಡರೆ ಯಾರನ್ನು ಹೊಣೆ ಮಾಡಬೇಕು? ಒಟ್ಟು ಕ್ರೋಮಿಯಂನ ಅಂಕಿಯಿಂದ ಇದು ಬಗೆಹರಿಯದು. ಚರ್ಮ ಹದಕ್ಕೆ ಬಳಸುವುದು ಕ್ರೋಮಿಯಂ-3. ಅದು ತಟಸ್ಥ ನೀರಿನಲ್ಲಿ ಹೈಡ್ರಾಕ್ಸೈಡ್ ಆಗಿ ತಳಕ್ಕಿಳಿಯುತ್ತದೆ, ಹೆಚ್ಚು ದೂರ ಸಾಗುವುದಿಲ್ಲ. ಕ್ರೋಮೇಟ್ ಕಾರ್ಖಾನೆಯಲ್ಲಿ ಅದಿರನ್ನು ಸೋಡಾಬೂದಿಯೊಡನೆ ಹುರಿದಾಗ ಹುಟ್ಟುವುದು ಕ್ರೋಮಿಯಂ-6. ಇದು ಋಣ ವಿದ್ಯುದಂಶದ ಅಯಾನಾಗಿ ಕರಗಿರುತ್ತದೆ. ಜೇಡಿಮಣ್ಣು ಇದನ್ನು ಸುಲಭವಾಗಿ ಹಿಡಿದಿಡದು. ವಿಷಗುಣವೂ ಇದರಲ್ಲೇ ಹೆಚ್ಚು. ಆದ್ದರಿಂದ ಹಳದಿ ನೀರು ಮೊದಲು ಬೆರಳು ತೋರುವುದು ಕ್ರೋಮೇಟ್ ರಾಶಿಯತ್ತ.

ಈ ಸಾಕ್ಷ್ಯ ಮಾದರಿ ಸಂಗ್ರಹಿಸುವಾಗಲೇ ನಾಶವಾಗಬಹುದು. ಲೋಹಗಳ ಪರೀಕ್ಷೆಗೆ ತೆಗೆದ ನೀರಿಗೆ ನೈಟ್ರಿಕ್ ಆಮ್ಲ ಬೆರೆಸುವುದು ವಾಡಿಕೆ. ಆಮ್ಲ ಬಿದ್ದರೆ ನೀರಿನಲ್ಲಿರುವ ಸಾವಯವ ವಸ್ತುವಿನೊಡನೆ ವರ್ತಿಸಿ ಕ್ರೋಮಿಯಂ-6 ಕ್ರೋಮಿಯಂ-3 ಆಗಿಬಿಡುತ್ತದೆ. ಬಾವಿಯಲ್ಲಿ ನಿಂತ ನೀರನ್ನು ಪಂಪ್ ಮಾಡಿ ಹೊರಹಾಕಬೇಕು. ಪಿಎಚ್ ಮತ್ತು ವಿದ್ಯುತ್ ವಾಹಕತೆ ಸ್ಥಿರವಾದ ಮೇಲೆ 0.45 ಮೈಕ್ರಾನ್ ಶೋಧಕದಲ್ಲಿ ಸೋಸಿ, ಆಮ್ಲವಿಲ್ಲದ ಸೀಸೆಯಲ್ಲಿ ತಂಪಾಗಿಟ್ಟು, 24 ಗಂಟೆಯೊಳಗೆ ಪರೀಕ್ಷಿಸಬೇಕು. ಡೈಫಿನೈಲ್‌ಕಾರ್ಬಜೈಡ್ ಬೆರೆಸಿದಾಗ ಮೂಡುವ ಕೆನ್ನೇರಳೆ ಬಣ್ಣದ ಗಾಢತೆಯನ್ನು 540 ನ್ಯಾನೋಮೀಟರ್ ತರಂಗಾಂತರದಲ್ಲಿ ಅಳೆಯಲಾಗುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರುವಂತಿಲ್ಲ.

3. ಹರಿವಿನ ಲೆಕ್ಕ

ರಾಶಿಯಿಂದ ಬಾವಿಗೆ ನೀರು ಹರಿದದ್ದನ್ನು ಜಲಮಟ್ಟದ ಇಳಿಜಾರಿನಿಂದ ತೋರಿಸಬೇಕು. ಗಟ್ಟಿಶಿಲೆಯ ನೆಲದಲ್ಲಿ ಇದು ಕಷ್ಟದ ಕೆಲಸ. ಒಂದು ಲೆಕ್ಕ ನೋಡೋಣ. ಜಲವಾಹಕತೆ ದಿನಕ್ಕೆ 1 ಮೀಟರ್, ಇಳಿಜಾರು ಸಾವಿರಕ್ಕೆ 5 ಎಂದಿಟ್ಟುಕೊಂಡರೆ, ಶೇ. 5ರಷ್ಟು ಪರಿಣಾಮಕಾರಿ ರಂಧ್ರತೆಯ ಶಿಥಿಲ ಸ್ತರದಲ್ಲಿ ನೀರು ವರ್ಷಕ್ಕೆ ಸುಮಾರು 36 ಮೀಟರ್ ಸಾಗುತ್ತದೆ. ರಂಧ್ರತೆ ಶೇ. 0.5ಕ್ಕೆ ಇಳಿಯುವ ಬಿರುಕಿನಲ್ಲಿ ಅದೇ ನೀರು ವರ್ಷಕ್ಕೆ 365 ಮೀಟರ್ ಓಡುತ್ತದೆ. ಹೀಗಾಗಿ ಹತ್ತಿರದ ತೆರೆದ ಬಾವಿ ಶುದ್ಧವಾಗಿದ್ದು ದೂರದ ಕೊಳವೆಬಾವಿ ಕೆಟ್ಟಿರುವುದು ಸಾಧ್ಯ. ನೀರಾವರಿ ಪಂಪುಗಳ ಸೆಳೆತವೂ ಮಲಿನ ನೀರಿನ ದಿಕ್ಕನ್ನು ಬದಲಿಸುತ್ತದೆ. ಆಳ ಬೇರೆಬೇರೆಯಿರುವ ವೀಕ್ಷಣಾ ಬಾವಿಗಳಿಲ್ಲದೆ ಬಿಡಿ ಮಾದರಿಗಳ ಮೇಲೆ ತೀರ್ಪು ಕೊಡುವುದು ಅನ್ಯಾಯ.

4. ನೆಲದ ಸಹಜ ಮಟ್ಟ

ಕ್ರೋಮಿಯಂ ಶಿಲೆಯಿಂದಲೂ ಬರಬಹುದು. ಕ್ಯಾಲಿಫೋರ್ನಿಯಾದ ಹಿಂಕ್ಲಿಯಲ್ಲಿ ಅನಿಲ ಕಂಪ್ರೆಸರ್ ಕೇಂದ್ರವೊಂದರ ತಂಪುಗೋಪುರದ ನೀರಿನಿಂದ ಅಂತರ್ಜಲ ಕೆಟ್ಟಿತು. 2007ರ ಅಧ್ಯಯನ ಅಲ್ಲಿನ ಸಹಜ ಮಟ್ಟದ ಮೇಲ್ಮಿತಿಯನ್ನು ಲೀಟರಿಗೆ 3.1 ಮೈಕ್ರೋಗ್ರಾಂ ಎಂದಿತು. ಅದರ ಬಗ್ಗೆ ಆಕ್ಷೇಪಗಳೆದ್ದವು. ಅಮೆರಿಕದ ಭೂವಿಜ್ಞಾನ ಸಮೀಕ್ಷೆ ಶಿಲಾರಚನೆ, ನೀರಿನ ವಯಸ್ಸು, ರಾಸಾಯನಿಕ ಸ್ಥಿತಿಗಳನ್ನು ಒಟ್ಟಿಗೆ ತೂಗಿ ವಿವರವಾದ ವರದಿಯನ್ನು ಪ್ರಕಟಿಸಿದ್ದು 2023ರಲ್ಲಿ. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ, ಬೈರಾಪುರದ ಕ್ರೋಮೈಟ್ ಗಣಿಯ ಸುತ್ತ ಇಂಥ ಅಧ್ಯಯನ ನಡೆಸುವವರೂ ಮೊದಲು ಸಹಜ ಮಟ್ಟವನ್ನೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

5. ಶುದ್ಧೀಕರಣದ ಕ್ರಮ

ಮೊದಲ ಕೆಲಸ ರಾಶಿಯದು. ಮಳೆನೀರು ತಾಗದಂತೆ ಹೊದಿಕೆ, ಸುತ್ತ ಚರಂಡಿ, ನೆಲದೊಳಗೆ ತಡೆಗೋಡೆ ಬೇಕು. ಇಲ್ಲವೇ ಇಡೀ ತ್ಯಾಜ್ಯವನ್ನು ಅಗೆದು ಸಂಸ್ಕರಿಸಿ ಸುರಕ್ಷಿತ ಭರ್ತಿತಾಣಕ್ಕೆ ಸಾಗಿಸಬೇಕು. ಎರಡನೆಯದು ನೀರು. ಮೇಲೆತ್ತಿದ ನೀರಿಗೆ ಫೆರಸ್ ಸಲ್ಫೇಟ್ ಬೆರೆಸಿದರೆ ಕ್ರೋಮಿಯಂ-6 ಕ್ರೋಮಿಯಂ-3 ಆಗಿ ತಳಕ್ಕಿಳಿಯುತ್ತದೆ. ಆದರೆ ಶಿಲೆಯ ಸಣ್ಣ ರಂಧ್ರಗಳಲ್ಲಿ ಸೇರಿಕೊಂಡ ವಿಷ ಪಂಪ್ ನಿಲ್ಲಿಸಿದ ಮೇಲೆ ಮತ್ತೆ ಒಸರುತ್ತದೆ. ಉತ್ತರ ಕೆರೊಲಿನಾದ ಎಲಿಜಬೆತ್ ಸಿಟಿಯಲ್ಲಿ 1996ರಲ್ಲಿ ಇನ್ನೊಂದು ದಾರಿ ಹಿಡಿದರು. ಮಲಿನ ನೀರಿಗೆ ಅಡ್ಡಲಾಗಿ 46 ಮೀಟರ್ ಉದ್ದ, 7.3 ಮೀಟರ್ ಆಳದ ಕಂದಕಕ್ಕೆ ಕಬ್ಬಿಣದ ಹರಳು ತುಂಬಿದರು. ಹಾದುಹೋಗುವ ನೀರಿನ ಕ್ರೋಮಿಯಂ-6 ಅಲ್ಲೇ ರೂಪ ಬದಲಿಸಿ ನಿಂತಿತು. ಅದು ಮರಳು ನೆಲ. ರಾಣಿಪೇಟೆಯಂಥ ಕಡೆ ಈ ವಿಧಾನ ಶಿಥಿಲ ಸ್ತರಕ್ಕೆ ಹೊಂದಬಹುದು, ಆಳದ ಬಿರುಕುಗಳಿಗಲ್ಲ. ಅಲ್ಲಿ ಸಾವಯವ ದ್ರಾವಣ ಇಳಿಸುವ ವಿಧಾನವಿದ್ದರೂ ಶಿಲೆಯ ಮ್ಯಾಂಗನೀಸ್ ಕರಗಿ ನೀರಿಗೆ ಸೇರುವ ಅಪಾಯವಿದೆ. ಮ್ಯಾಂಗನೀಸ್ ಆಕ್ಸೈಡ್ ಇದ್ದಲ್ಲಿ ಕ್ರೋಮಿಯಂ-3 ಮತ್ತೆ ಕ್ರೋಮಿಯಂ-6 ಆಗಲೂಬಹುದು. ಹಾಗಾಗಿ ಯಾವ ವಿಧಾನ ಹಿಡಿದರೂ ವರ್ಷಗಟ್ಟಲೆ ನಿಗಾ ಬೇಕು.

6. ಸಮಾರೋಪ

ವೆಲ್ಲೂರು ನಾಗರಿಕ ಕಲ್ಯಾಣ ವೇದಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಆಗಸ್ಟ್ 28ರಂದು, ಕೆಡಿಸಿದವನೇ ವೆಚ್ಚ ಭರಿಸಬೇಕೆಂಬ ತತ್ತ್ವ ಈ ನೆಲದ ಕಾನೂನೆಂದು ಸಾರಿತು. ಕೆಟ್ಟ ಪರಿಸರವನ್ನು ಸರಿಪಡಿಸುವ ಖರ್ಚೂ ಅದರಲ್ಲಿ ಸೇರಿದೆ. ಕಾರ್ಖಾನೆ ಬಾಗಿಲು ಮುಚ್ಚಿದ ಮೇಲೆ ವಸೂಲಿಗೆ ಕಾಯುತ್ತ ಕೂತರೆ ಆ ವೆಚ್ಚವನ್ನು ನಿಜವಾಗಿ ತೆರುವವರು ಸುತ್ತಲಿನ ರೈತರು ಮತ್ತು ನೀರಿಗಾಗಿ ಅಲೆಯುವ ಹೆಂಗಸರು. ಆದ್ದರಿಂದ ಸರ್ಕಾರ ಮೊದಲು ರಾಶಿಯನ್ನು ತೆರವುಗೊಳಿಸಿ, ವೆಚ್ಚವನ್ನು ಆಮೇಲೆ ವಸೂಲು ಮಾಡಬೇಕು. ಅಪಾಯಕಾರಿ ರಾಸಾಯನಿಕದ ಕಾರ್ಖಾನೆಗೆ ಪರವಾನಗಿ ಕೊಡುವ ಮುನ್ನವೇ ಸುತ್ತಲಿನ ಬಾವಿಗಳ ಸಹಜ ಮಟ್ಟವನ್ನು ದಾಖಲಿಸಿ, ಶುದ್ಧೀಕರಣದ ಠೇವಣಿಯನ್ನು ಕಟ್ಟಿಸಿಕೊಳ್ಳಬೇಕು. ಆಗ ಮೂಲಶೋಧಕ್ಕೆ ಆಧಾರವೂ ಶುದ್ಧೀಕರಣಕ್ಕೆ ಹಣವೂ ಮಾಲಿನ್ಯಕ್ಕೆ ಮುಂಚೆಯೇ ಸಿದ್ಧವಿರುತ್ತವೆ.