ಇಟಗಿಯ ಸೀಮೆಯ ಹಾಲಿ ಸಿಕ್ಕಾ ರೂಪಾಯಿ

ಮಹಾದೇವ ದಂಡನಾಯಕನು ಕ್ರಿ. ಶ. 1112ರಲ್ಲಿ ಕಟ್ಟಿಸಿದ ದೇವಾಲಯದಿಂದ ಇಟಗಿಯು ಶಾಸನಜ್ಞರಿಗೆ ಸುಪರಿಚಿತವಾದುದು. ಆದರೆ ಈ ಸೀಮೆಯ ಇತಿಹಾಸಕ್ಕೆ ಶಿಲೆಯೊಂದೇ ಸಾಕ್ಷಿಯಲ್ಲ. 1948ರವರೆಗೆ ಇದು ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಬೆಳ್ಳಿಯ ರೂಪಾಯಿಗೆ ಹಾಲಿ ಸಿಕ್ಕಾ, ಎಂದರೆ ಚಾಲ್ತಿಯ ನಾಣ್ಯ, ಎಂದು ಹೆಸರು.

1857ರವರೆಗೆ ನಿಜಾಮರ ಟಂಕಸಾಲೆಯ ರೂಪಾಯಿಯು ದಿಲ್ಲಿಯ ಬಾದಶಹನ ಹೆಸರನ್ನು ಹೊತ್ತಿತ್ತು. ಬಹಾದುರಶಹನು ಪದಚ್ಯುತನಾದ ಬಳಿಕ, 1858ರಲ್ಲಿ, ಅದನ್ನು ತೆಗೆದು ಆಸಫ್ ಜಾಹ ಎಂಬ ನಿಜಾಮರ ಬಿರುದನ್ನೂ, 'ಮುಹಮ್ಮದ್' ಶಬ್ದದ ಅಕ್ಷರಸಂಖ್ಯೆಯಾದ 92ನ್ನೂ ಒತ್ತಿದರು. ರಾಜ್ಯಾಧಿಕಾರದ ಪರಿವರ್ತನೆಯು ಹೀಗೆ ಬೆಳ್ಳಿಯಲ್ಲಿ ಲಿಖಿತವಾಯಿತು.

ಸುತ್ತಿಗೆಯಿಂದ ಹೊಡೆದ ಈ ನಾಣ್ಯಗಳಲ್ಲಿ ಅಚ್ಚು ಬಿಲ್ಲೆಗಿಂತ ದೊಡ್ಡದು. ಆದಕಾರಣ ಒಂದರಲ್ಲಿ ಹಿಜರಿ ವರ್ಷವು ಮೂಡಿದರೆ ಮತ್ತೊಂದರಲ್ಲಿ ಟಂಕಸಾಲೆಯ ಹೆಸರು ಮೂಡಿರುವುದು. ತ್ರುಟಿತವಾದ ಓಲೆಪ್ರತಿಗಳನ್ನು ಕೂಡಿಸಿ ಗ್ರಂಥಪಾಠವನ್ನು ನಿರ್ಣಯಿಸುವಂತೆ, ಹಲವು ನಾಣ್ಯಗಳನ್ನು ಹೋಲಿಸಿದಾಗಲೇ ಪೂರ್ಣಪಾಠವು ಸಿದ್ಧಿಸುವುದು.

20ನೆಯ ಶತಮಾನದ ಆರಂಭದಲ್ಲಿ ಚಾರ್‌ಮಿನಾರ್ ಚಿತ್ರದ ಯಂತ್ರಮುದ್ರಿತ ರೂಪಾಯಿ ಬಂದು ಈ ಕೈಕೆಲಸವು ನಿಂತಿತು. ಸವೆದುದೆಂದು ಅಕ್ಕಸಾಲಿಗನ ಮೂಸೆಗೆ ಬೀಳುವ ಒಂದೊಂದು ಹಳೆಯ ರೂಪಾಯಿಯೊಡನೆ ಆ ಪಾಠದ ಒಂದೊಂದು ಭಾಗವೂ ನಷ್ಟವಾಗುವುದು. ಆದುದರಿಂದ ದೊರೆತ ಗ್ರಾಮ, ತೂಕ, ಓದಲು ಬರುವ ಅಕ್ಷರ ಇವುಗಳನ್ನು ಬರೆದಿಟ್ಟುಕೊಂಡೇ ಇಂತಹ ನಾಣ್ಯಗಳನ್ನು ಸಂಗ್ರಹಿಸತಕ್ಕದ್ದು.