ಟ್ರಂಕಿನೊಳಗಿನ ಟಿವಿ

ನಮ್ಮ ದೇವನೂರ ಮಹಾದೇವರ ‘ಕುಸುಮಬಾಲೆ’ ಓದಿದವರಿಗೆ ಜೋತಮ್ಮಗಳು ನೆನಪಿರುತ್ತವೆ. ರಾತ್ರಿ ಮನೆಮನೆಯ ದೀಪಗಳು ಒಂದೆಡೆ ಸೇರಿ ಮಾತಿಗೆ ಕೂರುತ್ತವೆ. ಊರು ಮುಚ್ಚಿಟ್ಟದ್ದನ್ನು ಬೆಳಕು ಆಡಿಬಿಡುತ್ತದೆ.

ಟಿವಿ ಪರದೆಯ ಬೆಳಕಿಗೂ ಹೀಗೆ ಬಾಯಿ ಕೊಟ್ಟ ಕಲಾವಿದರಿದ್ದಾರೆ. ಆ ಕಲೆಗೆ ವಿಡಿಯೋ ಇನ್‌ಸ್ಟಲೇಶನ್ ಅನ್ನುತ್ತಾರೆ. ಸಿನಿಮಾದಂತೆ ಒಂದೇ ಕಡೆ ಕೂತು ನೋಡುವುದಲ್ಲ. ಕೋಣೆಯಲ್ಲಿ ಪರದೆ, ಸಾಮಾನು, ಶಬ್ದ ಎಲ್ಲ ಜೋಡಿಸಿರುತ್ತಾರೆ. ನಾವು ನಡುವೆ ಓಡಾಡುತ್ತ ನೋಡಬೇಕು.

ಹಳ್ಳಿಗೆ ಟಿವಿ ಬಂದದ್ದು ಪಾಠ ಹೇಳಲು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿಸಿತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಕಡೆಯ ಜನ ಒಟ್ಟಿಗೆ ಕೂತು ಬೇಸಾಯ, ಆರೋಗ್ಯದ ಕಾರ್ಯಕ್ರಮ ನೋಡಿದರು. ಪರದೆ ಹೇಳಿತು, ಹಳ್ಳಿ ಕೇಳಿತು.

ಆ ಪರದೆಯಿಂದಲೇ ಪ್ರಶ್ನೆ ಕೇಳಿಸಿದವರಲ್ಲಿ ನಳಿನಿ ಮಲಾನಿ ಒಬ್ಬರು. 1946ರಲ್ಲಿ ಕರಾಚಿಯಲ್ಲಿ ಹುಟ್ಟಿದವರು. ದೇಶ ಒಡೆದಾಗ ಅವರ ಕುಟುಂಬ ಇತ್ತ ಬಂತು. 1998ರ ಮೇ ತಿಂಗಳಲ್ಲಿ ಪೋಖ್ರಾನಿನಲ್ಲಿ ಅಣುಬಾಂಬ್ ಪರೀಕ್ಷೆ ನಡೆಯಿತು. ಆಗ ಅವರು ವಿಭಜನೆ ಕುರಿತ ಮಂಟೋ ಕತೆಯ ಹೆಸರಲ್ಲಿ ‘ರಿಮೆಂಬರಿಂಗ್ ಟೋಬಾ ಟೇಕ್ ಸಿಂಗ್’ ಮಾಡಿದರು. ನೆಲದ ಮೇಲೆ ತಗಡಿನ ಟ್ರಂಕುಗಳು, ಒಳಗೆ ಟಿವಿಗಳು, ಅದರಲ್ಲಿ ಮನೆ ಬಿಟ್ಟು ಹೊರಟ ಜನ. ಎದುರುಬದುರು ಗೋಡೆಗಳಲ್ಲಿ ಇಬ್ಬರು ಹೆಂಗಸರು, ಭಾರತದವಳೊಬ್ಬಳು, ಪಾಕಿಸ್ತಾನದವಳೊಬ್ಬಳು. ಒಂದು ಸೀರೆಯನ್ನು ಸೇರಿ ಮಡಚಲು ನೋಡುತ್ತಾರೆ.

ಬೆಂಗಳೂರಿನ ಎನ್. ಪುಷ್ಪಮಾಲಾ ಬಳಸಿದ್ದು ಅಡುಗೆ ಬರೆದಿಟ್ಟ ಹಳೇ ನೋಟ್‌ಬುಕ್ಕು. ಅವರ 2004ರ ವಿಡಿಯೋ ‘ರಾಷ್ಟ್ರೀಯ ಖೀರ್ ಅಂಡ್ ದೇಸಿಯ ಸಲಾಡ್’ ಸ್ವಾತಂತ್ರ್ಯ ಬಂದ ಹೊಸತರ ‘ಆದರ್ಶ ಕುಟುಂಬ’ವನ್ನು ನಗಿಸುತ್ತಲೇ ಬಿಚ್ಚಿಡುತ್ತದೆ. ದೇಶ ಕಟ್ಟುವ ಮಾತು ಅಡುಗೆಮನೆಯವರೆಗೂ ಬಂದಿತ್ತು.

ಟ್ರಂಕು, ಸೀರೆ, ನೋಟ್‌ಬುಕ್ಕು. ಇವು ಯಾವ ಸರ್ಕಾರಿ ದಾಖಲೆಯಲ್ಲೂ ಸಾಕ್ಷಿಯಲ್ಲ. ಆದರೆ ಇತಿಹಾಸ ಅಲ್ಲೂ ಕೂತಿರುತ್ತದೆ.

ನಮ್ಮ ಅಟ್ಟದ ಮೇಲೂ ಟ್ರಂಕುಗಳಿವೆ. ಒಳಗೆ ಸಾಲದ ಪತ್ರ, ಕೈಬಿಟ್ಟುಹೋದ ಜಮೀನಿನ ಪಹಣಿ, ಮದುವೆ ಸೀರೆ. ಒಂದೊಂದರ ಹಿಂದಿನ ಕತೆ ಗೊತ್ತಿರುವ ಅಜ್ಜಿಯರು ವರ್ಷವರ್ಷ ಕಡಿಮೆಯಾಗುತ್ತಿದ್ದಾರೆ. 1975ರಲ್ಲಿ ಹಳ್ಳಿಗೆ ಸಿಕ್ಕಿದ್ದು ಬರೀ ಪರದೆ. ಈಗ ಅದೇ ಪರದೆಯ ಬೆನ್ನಿಗೆ ಕ್ಯಾಮೆರಾ ಇದೆ. ಅಜ್ಜಿಯ ಒಪ್ಪಿಗೆ ಕೇಳಿ, ಫೋನನ್ನು ಅಲುಗದ ಹಾಗೆ ಇಟ್ಟು, ಟ್ರಂಕಿನ ಬೀಗ ಅವರ ಕೈಯಿಂದಲೇ ತೆಗೆಸೋಣ.