ಒಣಕೆರೆಯಲ್ಲಿ ಹುಟ್ಟಿದ ವೇಗ

ಎಂಟು ಸಿಲಿಂಡರಿನ ಎಂಜಿನ್ ಸಿರಿವಂತರ ಸೊತ್ತಾಗಿದ್ದ ಕಾಲದಲ್ಲಿ ಅದನ್ನು ಸಾಮಾನ್ಯರ ಕಾರಿಗೆ ತಂದವರು ಅಮೆರಿಕದ ಹೆನ್ರಿ ಫೋರ್ಡ್. 1932ರಲ್ಲಿ ಬಂದ ಫೋರ್ಡ್ ವಿ-8ರ ಸಾಮರ್ಥ್ಯ 65 ಅಶ್ವಶಕ್ತಿ. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದು, ಮೇಲಿನ ಮುಚ್ಚಳ ಚಪ್ಪಟೆಯಾಗಿದ್ದುದರಿಂದ ಇದಕ್ಕೆ ‘ಫ್ಲಾಟ್‌ಹೆಡ್’ ಎಂಬ ಹೆಸರು ಬಂತು.

ಕ್ಯಾಲಿಫೋರ್ನಿಯಾದ ಯುವಕರು ಹಳೆಯ ಫೋರ್ಡುಗಳನ್ನು ಅಗ್ಗಕ್ಕೆ ಕೊಂಡು, ಬೇಡದ ಭಾಗಗಳನ್ನು ಕಿತ್ತೆಸೆದು, ಮುರಾಕ್ ಮತ್ತು ಎಲ್ ಮಿರಾಜ್ ಒಣಕೆರೆಗಳಲ್ಲಿ ಓಡಿಸತೊಡಗಿದರು. ಇವೇ ‘ಹಾಟ್ ರಾಡ್’ಗಳು. ಕಾರ್ಖಾನೆ ಕೊಡದ ವೇಗವನ್ನು ಸಣ್ಣ ವರ್ಕ್‌ಶಾಪುಗಳು ಒದಗಿಸಿದವು. ವಿಕ್ ಎಡೆಲ್‌ಬ್ರಾಕ್ ಎರಡು ಕಾರ್ಬುರೇಟರುಗಳ ಮ್ಯಾನಿಫೋಲ್ಡ್ ತಯಾರಿಸಿದರು. ಬಾರ್ನಿ ನವಾರೊ, ಜಿಎಂಸಿ ಡೀಸೆಲ್ ಎಂಜಿನ್ನಿನ ಬ್ಲೋವರನ್ನೇ ಸೂಪರ್‌ಚಾರ್ಜರ್ ಆಗಿ ಜೋಡಿಸಿದರು. ಅದು ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಿದರೆ ಹೆಚ್ಚು ಇಂಧನ ಉರಿದು ಶಕ್ತಿ ಹೆಚ್ಚುತ್ತದೆ, ಜೊತೆಗೆ ಶಾಖವೂ. ಹೊಗೆ ಹೊರಹೋಗುವ ಹಾದಿ ಬ್ಲಾಕಿನೊಳಗೇ ಇರುವ ಫ್ಲಾಟ್‌ಹೆಡ್‌ಗೆ ಅತಿಶಾಖವೇ ಹುಟ್ಟುರೋಗ.

ಇದಕ್ಕೆ ಮದ್ದು ಹುಡುಕಿದವರು ನ್ಯೂಯಾರ್ಕಿನಲ್ಲಿದ್ದ ಜೋರಾ ಆರ್ಕಸ್-ಡಂಟೋವ್. ಮುಂದೆ ಕಾರ್ವೆಟ್ ಕಾರಿನಿಂದ ಹೆಸರಾದ ಇವರು 1947ರಲ್ಲಿ ‘ಆರ್ಡನ್’ ಹೆಡ್ ತಂದರು. ಇದರಲ್ಲಿ ವಾಲ್ವುಗಳು ಮೇಲೇರಿ, ಹೊಗೆಯ ಹಾದಿ ಬ್ಲಾಕಿನಿಂದ ಹೊರಬಂತು. ಲಾರಿಗಳಿಗಾಗಿ ರೂಪಿಸಿದ್ದ ಇದನ್ನು ಮೆಚ್ಚಿಕೊಂಡವರು ಹಾಟ್ ರಾಡ್ ಓಟಗಾರರು. ಆದರೆ ತಯಾರಾದದ್ದು ಕೆಲವೇ ನೂರು ಜೊತೆ.

1953ರ ಬಳಿಕ ಫೋರ್ಡ್ ಅಮೆರಿಕದ ತನ್ನ ಕಾರುಗಳಲ್ಲಿ ಫ್ಲಾಟ್‌ಹೆಡ್ ಕೈಬಿಟ್ಟಿತು. 1955ರಲ್ಲಿ ಷೆವ್ರೊಲೆಯ ಹಗುರ ವಿ-8 ಬಂದ ಮೇಲೆ ಓಟಗಾರರೂ ಅತ್ತ ವಾಲಿದರು. ಉಳಿದ ಹಳೆಯ ಬಿಡಿಭಾಗಗಳಿಗೆ ಇಂದು ಸಂಗ್ರಾಹಕರು ಮುಗಿಬೀಳುತ್ತಾರೆ. ಆರ್ಡನ್ನಿನ ಹೊಸ ಪ್ರತಿಗಳು ಬಂದಿವೆಯಾದರೂ, ಓಡಿಸುವಾಗ ಮೂಲ ಎರಕ ಬಿರುಕುಬಿಟ್ಟರೆ ಅದಕ್ಕೆ ಬದಲಿಯಿಲ್ಲ. ಓಡಿಸದೆ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ಹುಟ್ಟಿದ ಉದ್ದೇಶವೇ ಮರೆಯಾಗುತ್ತದೆ.